ಸೀರೆ ಅಂಗಡಿಯ ಮುಖ

ಹೋದ ಭಾನುವಾರ ಚಿತ್ರದುರ್ಗದ ಟಾಕೀಸಿನಲ್ಲಿ ಒಬ್ಬ ಹೆಂಗಸಿನ ಮುಖ ಸುಲಿದು ಬಿತ್ತು. ಪರದೆಯ ಮೇಲೆ, ಮಕ್ಕಳೇ! ಕಳೆದುಹೋದ ಹರೆಯ ವಾಪಸ್ ಬೇಕೆಂದು ಏನೇನೋ ಇಂಜೆಕ್ಷನ್ ಚುಚ್ಚಿಕೊಂಡವಳ ಕಥೆ. ಜನ ಕಿರುಚಿದರು. ಆಮೇಲೆ ನಕ್ಕರು.

ಪಲ್ಲವಿ, ನೀನೂ ನಕ್ಕೆ. "ಅಜ್ಜಿ, ಈ ಮುದುಕಿಗೆ ಯಾಕ್ ಬೇಕಿತ್ತು ಶೋಕಿ?" ಎಂದೆ. ನನ್ನ ಆ ಕಡೆ ಕೂತಿದ್ದ ನಿನ್ನ ಸವಿತತ್ತೆ (ಹೊರಗಿನವರೂ ಓದುತ್ತಾರೆಂದು ಹೆಸರು ಬದಲಿಸಿದ್ದೇನೆ, ನನ್ನ ಮಗಳಾದ ಅವಳದೇ ಷರತ್ತು) ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಹೆದರಿದಳು ಎಂದುಕೊಂಡೆಯಲ್ಲವೇ? ಅಲ್ಲ.

ಅವಳು ಹೊಸದುರ್ಗದಲ್ಲಿ ಸೀರೆ ಅಂಗಡಿಯ ಕೆಲಸಕ್ಕೆ ಹೋಗುವುದು ನಿಮಗೆ ಗೊತ್ತು. ಗಿರಾಕಿ ಕೇಳಿದ ಸೀರೆಯನ್ನು ತಾನು ಉಟ್ಟ ಸೀರೆಯ ಮೇಲೆಯೇ ನೆರಿಗೆ ಹಿಡಿದು, ಹೆಗಲಿಗೆ ಸೆರಗು ಹಾಕಿ, ಕನ್ನಡಿ ಮುಂದೆ ನಿಂತು ತೋರಿಸಬೇಕು. ವರ್ಷಗಟ್ಟಲೆ ಅವಳೇ ನಿಂತಳು. ನಲವತ್ತೈದು ದಾಟಿದ ಮೇಲೆ ಮಾಲೀಕರು, "ಇನ್ಮೇಲೆ ಹುಡುಗೀರು ನಿಂತ್ಕಳ್ಳಿ ಸವಿತಾ, ನೀನು ಒಳಗೆ ಕುಂತು ಮಡಚಾಕು" ಎಂದರಂತೆ. ಮಡಚುವವರನ್ನೇ ಮೊದಲು ಕೆಲಸದಿಂದ ತೆಗೆಯುವುದು. ಅವಳ ಮನೆ ನಡೆಯುವುದು ಆ ಒಂದು ಸಂಬಳದಲ್ಲಿ.

ನನ್ನ ಹತ್ತಿರ ಬಂದು ಅತ್ತಳು. "ಮುಖಕ್ಕೇನಾದ್ರೂ ಹಚ್ಕಳ್ಳೇ" ಎಂದವಳು ನಾನು. ಶ್ರೀರಾಂಪುರದ ಫ್ಯಾನ್ಸಿ ಸ್ಟೋರಿನಲ್ಲಿ ಹೆಸರಿಲ್ಲದ ಕ್ರೀಮು ಕೊಂಡುಕೊಟ್ಟವಳೂ ನಾನೇ. (ನನ್ನಂಥ ವಿಧವೆ ಕ್ರೀಮು ಕೇಳಿದರೆ ಏನಂದುಕೊಂಡಾರು? ನಾಚಿಕೆಯಾಗಿ, ಏನು ಎತ್ತ ವಿಚಾರಿಸದೆ ಓಡಿಬಂದೆ.) ತಿಂಗಳಲ್ಲಿ ಮುಖ ಹೊಳೆಯಿತು. ಮಾಲೀಕರು ಅವಳನ್ನು ಮತ್ತೆ ಕನ್ನಡಿ ಮುಂದೆ ನಿಲ್ಲಿಸಿದರು. ನಾನು ಹಿಗ್ಗಿದೆ, ದಡ್ಡಿ!

ಈಗ ಅವಳ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಕೆನ್ನೆಯ ತುಂಬ ಕೆಂಪು ನರ. ಬಿಸಿಲು ಬಿದ್ದರೆ ಉರಿ. ಡಾಕ್ಟರು ಕ್ರೀಮು ನಿಲ್ಲಿಸಿ ಎಂದರು. ನಿಲ್ಲಿಸಿದರೆ ನಾಲ್ಕೇ ದಿನಕ್ಕೆ ಮುಖ ಊದಿ ಕಪ್ಪಿಡುತ್ತದೆ. ಸರಿಹೋಗಲು ತಿಂಗಳುಗಟ್ಟಲೆ ಬೇಕಂತೆ. ಅಷ್ಟು ರಜೆ ಯಾರು ಕೊಡುತ್ತಾರೆ?

ವಾಪಸ್ ಬರುವಾಗ ಬಸ್ಸಿನಲ್ಲಿ ನೀನು ನಿದ್ದೆ ಹೋಗಿದ್ದೆ. ಅವಳು ಮೆಲ್ಲಗೆ ಅಂದಳು, "ಅಮ್ಮ, ಟ್ಯೂಬು ಖಾಲಿ ಆಗೈತೆ."

"ಡಾಕ್ಟ್ರು ಬ್ಯಾಡ ಅಂದವ್ರಲ್ಲೇ, ತಾಯಿ."

"ಡಾಕ್ಟ್ರು ಬಂದು ನನ್ನ ಬದ್ಲು ಸೀರೆ ಉಟ್ಟು ನಿಂತ್ಕಂತಾರೇನಮ್ಮ?"

ಇಬ್ಬರೂ ನಕ್ಕೆವು. ನಗುತ್ತಲೇ ಅವಳಿಗೆ ಅಳು ಬಂತು. ಕಣ್ಣೀರು ಇಳಿದ ಕಡೆಯೂ ಉರಿ ಎಂದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಇನ್ನೊಂದು ಟ್ಯೂಬು ತಂದುಕೊಟ್ಟೆ. ಹೆತ್ತವಳು ಮತ್ತೇನು ಮಾಡಬೇಕಿತ್ತು, ಯಾರಾದರೂ ಹೇಳುತ್ತೀರಾ?