ಅವಳು ಆರಿಸಿದ ಕ್ಯಾಸೆಟ್

ನನ್ನ ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಯಿತು. ಅದಕ್ಕೆ ಮುಂಚೆ ಆರು ವರ್ಷ ಅವಳಿಗೆ ದನಿ ಇರಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಬೇಕಾದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದಳು. ಮೊಬೈಲಿನಲ್ಲಿರುವ ಅವಳ ವಿಡಿಯೋಗಳೆಲ್ಲ ಆ ಆರು ವರ್ಷದವು. ಕಳೆದ ತಿಂಗಳು ಒಂದು ಬೆಳಿಗ್ಗೆ, ಅವಳು ನನ್ನನ್ನು ಹೇಗೆ ಕರೆಯುತ್ತಿದ್ದಳು ಎಂದು ನೆನೆಸಿಕೊಳ್ಳಲು ಹೋದೆ. ಮಾತು ನೆನಪಾಯಿತು, ದನಿ ಬರಲಿಲ್ಲ. ಆವತ್ತಿನಿಂದ ಅವಳ ದನಿ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕತೊಡಗಿದೆ.

ಮನೆಯಲ್ಲಿ ಉಳಿದಿದ್ದುದು ಒಂದೇ ವಿಡಿಯೋ ಕ್ಯಾಸೆಟ್, ಮಗಳ ನಾಮಕರಣದ್ದು. ಆಗ ನಾವು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿದ್ದೆವು. ಮನೆಗೆ ಹೊಸದಾಗಿ ವಿಸಿಆರ್ ಬಂದಿತ್ತು. ಖಾಲಿ ಕ್ಯಾಸೆಟ್ ನೀವೇ ತನ್ನಿ ಎಂದು ವಿಡಿಯೋದವರು ಹೇಳಿದ್ದರು. ಅಂಗಡಿಯಲ್ಲಿ ನಾನು ಅಗ್ಗದ್ದೊಂದನ್ನು ಎತ್ತಿಕೊಂಡೆ. ಅವಳು ಅದರ ಬೆನ್ನು ತಿರುಗಿಸಿ, ಅಂಟು ಹಾಕಿದ್ದಾರೆ, ಸ್ಕ್ರೂ ಇಲ್ಲ ಎಂದು ವಾಪಸಿಟ್ಟಳು. ಇನ್ನೊಂದರ ಮುಚ್ಚಳ ಎತ್ತಿ, ಟೇಪಿನ ಅಂಚು ಸುಕ್ಕಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು.

“ಅದೇನು ಸೀರೆನಾ ಅಮ್ಮಾ, ಮಡಿಕೆ ಬಿಚ್ಚಿ ನೋಡಕ್ಕೆ?” ಎಂದರು ಅಂಗಡಿಯವರು.

“ಸೀರೆ ಹರಿದ್ರೆ ನಾನೇ ಹೊಲ್ಕೋತೀನಿ. ಇದು ಹರಿದ್ರೆ ನೀವು ಹೊಲಿದು ಕೊಡ್ತೀರಾ?”

ಐದನೆಯದು ಅವಳಿಗೆ ಒಪ್ಪಿಗೆಯಾಯಿತು.

ಈಗ ಅದೇ ಕ್ಯಾಸೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ನಾನಿರುವ ಹೊಸಮನೆ ಬಡಾವಣೆಯಿಂದ ದುರ್ಗಿಗುಡಿ ಪೇಟೆಗೆ ಹೋದೆ. ಅಲ್ಲಿ ಅಂಗಡಿಯವರೊಬ್ಬರು ಹಳೆಯ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುತ್ತಾರೆ.

“ಫಂಗಸ್ ಹಿಡಿದಿದೆ ಸಾರ್. ಸ್ಕ್ರೂ ಇರೋದಕ್ಕೆ ಬಚಾವ್. ಬಿಚ್ಚಿ ಒರೆಸ್ತೀನಿ, ಆದ್ರೆ ಗ್ಯಾರಂಟಿ ಕೊಡಲ್ಲ.”

ಒರೆಸಲು ಒಂದು ಗಂಟೆ ಹಿಡಿಯಿತು. ನಾನು ಎರಡು ಸಲ ಹೊರಗೆ ಹೋಗಿ ಬಂದೆ. ಕೊನೆಗೆ ಚಿತ್ರ ಬಂತು. ಸ್ಪಷ್ಟವಾಗಿತ್ತು. ಮಗುವನ್ನು ಎತ್ತಿಕೊಂಡು ಅವಳು ಏನೋ ಹೇಳುತ್ತಿದ್ದಳು, ತುಟಿ ಆಡುತ್ತಿತ್ತು. ಕೇಳಿಸುತ್ತಿದ್ದುದು ಸಿನಿಮಾ ಹಾಡು. ಬರೀ ಗಲಾಟೆ ಬೇಡ, ಹಾಡು ಹಾಕಿ ಎಂದು ಆವತ್ತು ವಿಡಿಯೋದವರಿಗೆ ನಾನೇ ಹೇಳಿದ್ದೆ. ನನಗೆ ಬೇಕಿದ್ದುದು ಹೆಂಡತಿಯ ದನಿ ಎಂದು ಅಂಗಡಿಯವರಿಗೆ ಹೇಳಿದೆ.

“ಆಗ ಎಲ್ರೂ ಹಂಗೇ ಹಾಕಿಸ್ತಿದ್ರು ಸಾರ್. ಕೂತ್ಕೊಳಿ, ಕೊನೇವರೆಗೂ ನೋಡೋಣ. ಒಂದೊಂದ್ಸಲ ಹಾಡು ಮೊದ್ಲೇ ಮುಗಿದಿರುತ್ತೆ.”

ಹಾಡಿನ ಮೇಲೆ ಹಾಡು ಬಂತು. ಊಟದ ಪಂಕ್ತಿಯ ಹೊತ್ತಿಗೆ ತಟ್ಟನೆ ನಿಂತು, ಪಾತ್ರೆಗಳ ಸದ್ದು ಕೇಳಿಸಿತು. ಮುಖ ಕಾಣದ ಒಬ್ಬ ಹೆಂಗಸು, “ಮಕ್ಕಳಿಗೆ ಮೊದ್ಲು ಎಲೆ ಹಾಕ್ರಪ್ಪ, ಹಸ್ಕೊಂಡಿದಾವೆ” ಎಂದಳು. ಅಷ್ಟೇ. ಟೇಪು ಮುಗಿಯಿತು.

“ಇವ್ರೇನಾ ಸಾರ್?”

ನನಗೆ ಗೊತ್ತಾಗಲಿಲ್ಲ. ತೀರಾ ಎಳೆಯ ದನಿ, ಚೂಪು. ಅಲ್ಲ ಎನಿಸಿತು, ಆದರೂ ಖಾತ್ರಿಯಿರಲಿಲ್ಲ. ಕುಂಸಿಯಲ್ಲಿರುವ ಅವಳ ತಂಗಿಗೆ ಫೋನ್ ಮಾಡಿ, ಒಂದು ದನಿ ಕೇಳಿಸುತ್ತೇನೆ, ಯಾರದೆಂದು ಹೇಳು ಎಂದೆ. ಅಂಗಡಿಯವರು ಟೇಪನ್ನು ಹಿಂದಕ್ಕೆ ತಿರುಗಿಸಿದರು. ನಾನು ಫೋನನ್ನು ಸ್ಪೀಕರಿಗೆ ಹಿಡಿದೆ.



“ಅಕ್ಕನೇ ಭಾವ,” ಎಂದಳು. “ಇನ್ನೊಂದ್ಸಲ ಹಾಕ್ಸಿ.”

ಅವರು ಮತ್ತೆ ಹಾಕಿದರು. ಈ ಸಲ ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ.