ಬಾಸಿಂಗದ ಬೆಂಡು, ವಿಮಾನದ ರೆಕ್ಕೆ

ನನ್ನ ಹೆಂಡತಿ ಏಣಿ ಹತ್ತಿ, ಜಂತಿಗೆ ಕಟ್ಟಿದ್ದ ನಮ್ಮ ಮದುವೆಯ ಬಾಸಿಂಗವನ್ನು ಬಿಚ್ಚಿದಳು. "ಬ್ಯಾಡವಾ, ಅಪಶಕುನ!" ಎಂದು ನನ್ನ ತಾಯಿ ಗಾಬರಿಯಾದರು.

ಅದು ಎಪ್ಪತ್ತರ ದಶಕ. ಅಣ್ಣಿಗೇರಿಯಲ್ಲಿ ಶಿಕ್ಷಕನಾಗಿದ್ದ ನನಗೆ ಪುಟ್ಟ ವಿಮಾನಗಳನ್ನು ಕಟ್ಟಿ ಹಾರಿಸುವ ಹುಚ್ಚು. ಅದಕ್ಕೆ ಬೇಕಾದ ಹಗುರವಾದ ಬಾಲ್ಸಾ ಕಟ್ಟಿಗೆ ವಿದೇಶದಿಂದ ಬರುವುದು ನಿಂತು, ಕಟ್ಟುತ್ತಿದ್ದ ವಿಮಾನದ ಒಂದು ರೆಕ್ಕೆ ಬಾಕಿ ಉಳಿದಿತ್ತು. ಇನ್ನು ಸಾಕೆಂದು ನಾನು ಕೈಚೆಲ್ಲಿದ್ದೆ.

"ಇದೂ ಹಗರ ಬೆಂಡೇ ಐತ್ರಿ ಅತ್ತಿ. ಇಲ್ಲಿ ಧೂಳ ತಿನ್ನೂದಕ್ಕಿಂತ ಹಾರ್ಲಿ ಬಿಡ್ರಿ" ಎಂದಳು ಹೆಂಡತಿ.

ಬೆಂಡು ಸೀಳಿ, ಬಿದಿರುಕಡ್ಡಿ ಸೇರಿಸಿ ಇಬ್ಬರೂ ರೆಕ್ಕೆ ಕಟ್ಟಿದೆವು. ಕಡಲೆ ಹೊಲದ ಮೇಲೆ ವಿಮಾನ ತುಸು ವಾಲುತ್ತಲೇ ಹಾರಿತು. ಮೊದಲು ಚಪ್ಪಾಳೆ ತಟ್ಟಿದವರು ತಾಯಿ.

ಬಾಲ್ಸಾ ಮತ್ತೆ ಸಿಗಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೂ ಬೆಂಡು, ಬಿದಿರಿನಿಂದಲೇ ನಮ್ಮ ಮನೆಯಲ್ಲಿ ವಿಮಾನ ಕಟ್ಟುವುದು ನಡೆದೇ ಇತ್ತು.