ಜೋಳ ಚೆಲ್ಲಿ ಕರೆದ ಹಕ್ಕಿಗಳು

ನಾನು ಓದಿದ್ದು ಮೂರನೇ ಕ್ಲಾಸು. ನನ್ನ ಮೊಮ್ಮಗಳು ಎಂ.ಎಸ್ಸಿ., ಅದೂ ಹಕ್ಕಿಗಳ ಮೇಲೆ! ಹಂಗಳದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಇದನ್ನು ಹೇಳಿದ್ದೇನೆ. ಕೇಳಲು ಇಷ್ಟವಿಲ್ಲದವರು ಎದ್ದು ನಿಂತುಕೊಂಡು ಹೋಗಿದ್ದಾರೆ.

ಕೊನೇ ವರ್ಷದ ಪ್ರಾಜೆಕ್ಟಿಗೆ ಅವಳು ಮೈಸೂರಿನಿಂದ ನಮ್ಮೂರಿಗೇ ಬಂದಳು. ಹೊಲದಲ್ಲಿ ಎಷ್ಟು ಹಕ್ಕಿ, ಕಾಡಂಚಿನಲ್ಲಿ ಎಷ್ಟು ಎಂದು ಹೋಲಿಸಬೇಕಂತೆ. ಗುರುತು ಮಾಡಿದ ಜಾಗದಲ್ಲಿ ಬೆಳಿಗ್ಗೆ ಹತ್ತು ನಿಮಿಷ ಅಲ್ಲಾಡದೆ ನಿಂತು, ಕಂಡದ್ದು, ಕೂಗಿದ್ದು ಎಲ್ಲ ಬರೆಯುವುದು. ನಮ್ಮ ಹೊಲದ ಬಾವಿಯ ಹತ್ತಿರ ಮೊದಲ ದಿನ ಸಿಕ್ಕಿದ್ದು ಎರಡು ಗೊರವಂಕ, ಒಂದು ಕಾಗೆ. ಮೂರು ಹಕ್ಕಿಗೆ ಯಾವ ಪುಣ್ಯಾತ್ಮ ಪಾಸು ಮಾಡುತ್ತಾನೆ?

ಎಣಿಸಲು ಬಂದವರನ್ನು ಹೇಗೆ ನೋಡಿಕೊಳ್ಳಬೇಕೆಂದು ನಮ್ಮೂರಿಗೆ ಚೆನ್ನಾಗಿ ಗೊತ್ತು. ದನ ಎಣಿಸಲು ಬಂದ ದಿನ ಪಕ್ಕದ ಮನೆಯ ಹಸು ನಮ್ಮ ಕೊಟ್ಟಿಗೆಯಲ್ಲಿರುತ್ತದೆ. ರೇಷನ್ ಕಾರ್ಡಿನವರು ಬಂದರೆ, ಮದುವೆಯಾಗಿ ಹರದನಹಳ್ಳಿ ಸೇರಿದ ಮಗಳೂ ನಮ್ಮ ಮನೆಯವಳೇ. ಮೊಮ್ಮಗಳಿಗೆ ಅಷ್ಟೂ ಮಾಡದಿದ್ದರೆ ನಾನೆಂಥ ಅಜ್ಜಿ? ಮರುದಿನ ಅವಳು ಏಳುವ ಮೊದಲೇ ಬಾವಿಯ ಸುತ್ತ ಒಂದು ಸೇರು ಜೋಳ ಚೆಲ್ಲಿ ಬಂದೆ. ಆಮೇಲೆ ದಿನಾ ಅದೇ ಕೆಲಸ.

ನಾಲ್ಕನೇ ದಿನಕ್ಕೆ ಗಿಳಿ, ಪಾರಿವಾಳ, ಗುಬ್ಬಿ ಎಲ್ಲವೂ ಹಾಜರು.

"ಅಜ್ಜಿ, ಮೊದಲ್ನೇ ದಿನ ಮೂರು, ಇವತ್ತು ಅರವತ್ತು! ಇವಕ್ಕೇನಾಯ್ತು?"

"ನೀನು ಬಂದಿರೋದು ಅವಕ್ಕೆ ಈಗ ಗೊತ್ತಾಯ್ತು ಕಣಮ್ಮಿ."

ಮಾರನೇ ದಿನ ಅವಳ ಮೇಷ್ಟ್ರೇ ಕೆಲಸ ನೋಡಲು ಬಂದರು. ದುರ್ಬೀನಿನಲ್ಲಿ ಮೇಲೆ ನೋಡಿದರು, ಆಮೇಲೆ ಬಗ್ಗಿ ನೆಲ ನೋಡಿದರು.

"ಈ ಜೋಳ ಹಾಕಿದ್ದು ಯಾರಮ್ಮ?"

ಮೊಮ್ಮಗಳು ಬಗ್ಗಿ ಒಂದು ಕಾಳು ಎತ್ತಿ ನೋಡಿದಳು. ಲೆಕ್ಕ ಹೆಚ್ಚಿಸಲು ಅವಳೇ ಹಾಕಿದಳೆಂದು ಅವರು ತಿಳಿದರೆ ಓದೇ ಮುಗಿಯಿತು. ನಾನು ಮುಂದೆ ಹೋದೆ.

"ನಾನೇ ಸ್ವಾಮಿ ಆಕ್ದೋಳು. ಮಗೀಗೇನೂ ಗೊತ್ತಿಲ್ಲ. ಮೂರೇ ಬಂದ್ರೆ ನೀವು ಫೇಲ್ ಮಾಡ್ಬುಡ್ತೀರಲ್ಲ!"

"ಮೂರಿದ್ರೆ ಮೂರು, ಸೊನ್ನೆ ಇದ್ರೆ ಸೊನ್ನೆ. ಇದ್ದದ್ದು ಬರೆದರೇ ಮಾರ್ಕ್ಸು, ಅಜ್ಜಿ."

ಸೊನ್ನೆಗೂ ಮಾರ್ಕ್ಸು ಕೊಡುವವರು ಆಗಲೇ ಇದ್ದಿದ್ದರೆ ನಾನು ಮೂರನೇ ಕ್ಲಾಸಿಗೆ ನಿಲ್ಲುತ್ತಿರಲಿಲ್ಲ.

ಜೋಳ ಚೆಲ್ಲಿದ ಆ ನಾಲ್ಕು ದಿನದ ಹಾಳೆಗಳಿಗೆಲ್ಲ ಅವರು ಅಡ್ಡಗೆರೆ ಎಳೆಸಿದರು. ಹಕ್ಕಿಗಳು ಜೋಳ ಮರೆಯುವ ತನಕ ಒಂದು ವಾರ ಕಾದು, ಮತ್ತೆ ಮೊದಲಿನಿಂದ. ಪ್ರಾಜೆಕ್ಟು ಕೊಡುವ ದಿನ ಹತ್ತಿರ ಬರುತ್ತಿತ್ತು. ಎರಡು ದಿನ ಮೊಮ್ಮಗಳು ನನ್ನ ಜೊತೆ ಮಾತಾಡಲಿಲ್ಲ. ಎಣಿಕೆ ಮತ್ತೆ ಶುರುವಾದ ದಿನ ನನ್ನನ್ನೂ ಎಬ್ಬಿಸಿದಳು.

"ನಡಿ, ನನ್ನ ಪಕ್ಕದಲ್ಲೇ ಕೂತ್ಕೋ. ನೀನು ಕಣ್ಣ ಮುಂದಿದ್ರೇನೇ ವಾಸಿ."

ಹತ್ತು ನಿಮಿಷ ಬಾಯಿ ಮುಚ್ಚಿ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿದ್ದಿಲ್ಲ. ಬಂದದ್ದು ಐದು. ಐದೇ ಬರೆದಳು.

ಪಾಸಾದಳು! ಫಸ್ಟ್ ಕ್ಲಾಸು! ರಟ್ಟು ಹಾಕಿಸಿದ ಅವಳ ಪುಸ್ತಕ ಈಗ ನಮ್ಮ ಮನೆಯಲ್ಲಿದೆ. ಅದರಲ್ಲೊಂದು ಕಡೆ, ಊರಿನವರೊಬ್ಬರು ಕಾಳು ಚೆಲ್ಲಿದ್ದರಿಂದ ನಾಲ್ಕು ದಿನದ ಎಣಿಕೆ ಕೈಬಿಡಲಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದಿದೆಯಂತೆ. ಹೆಸರು ಹಾಕಿಲ್ಲ. ಅದಕ್ಕೇ ಮನೆಗೆ ಬಂದವರಿಗೆಲ್ಲ ಆ ಸಾಲಿನ ಮೇಲೆ ಬೆರಳಿಟ್ಟು, ಅದು ನಾನೇ ಎಂದು ಹೇಳುತ್ತೇನೆ.